ಒಬ್ಬ ನಟನು, ಇಬ್ಬರು ದೈವಸೇವಕರು

ಚಲಚ್ಚಿತ್ರವೆಂದರೆ ನಮ್ಮ ಸಭೆಯ ಹಿರಿಯರು ಹುಬ್ಬುಗಂಟಿಕ್ಕುತ್ತಿದ್ದ ಕಾಲವನ್ನು ಈ ಸ್ಮರಣ ಸಂಚಿಕೆಯ ವಾಚಕರಲ್ಲಿ ಅನೇಕರು ಬಲ್ಲರು. ನಾಟಕ, ಸಿನೆಮಾ, ಇಸ್ಪೀಟು ಈ ಮೂರನ್ನೂ ಒಂದೇ ಉಸಿರಿನಲ್ಲಿ ಖಂಡಿಸದಿದ್ದರೆ ಉಪದೇಶವು ಪೂರ್ಣವಾಯಿತೆಂದು ಯಾರೂ ಎಣಿಸುತ್ತಿರಲಿಲ್ಲ. ಅಂಥ ಹಿರಿಯರೇ ಒಂದು ಚಿತ್ರವನ್ನು ನೋಡಿಬನ್ನಿರೆಂದು ಹೆಣ್ಣುಮಕ್ಕಳಿಗೆ ಹೇಳುವ ದಿನವು ಬಂದೀತೆಂದು ಯಾರು ತಾನೇ ನೆನೆಸಿದ್ದರು? ಹಾಗೆ ಹೇಳಿಸಿದ ಚಿತ್ರಗಳು ಎರಡು. 1981ರಲ್ಲಿ ಹೊರಬಂದ ‘ಚಾರಿಯಟ್ಸ್ ಆಫ್ ಫೈರ್’ ಮೊದಲನೆಯದು. 1982ರ ನವೆಂಬರ್ 30ರಂದು ಹೊಸ ದಿಲ್ಲಿಯಲ್ಲಿ ಪ್ರಥಮ ಪ್ರದರ್ಶನ ಕಂಡ ‘ಗಾಂಧಿ’ ಎರಡನೆಯದು. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ಆಸ್ಕರ್ ಬಹುಮಾನವು 1982ರ ಮಾರ್ಚಿಯಲ್ಲಿ ಒಂದಕ್ಕೂ, 1983ರ ಏಪ್ರಿಲ್‌ನಲ್ಲಿ ಮತ್ತೊಂದಕ್ಕೂ ಲಭಿಸಿತು. ಇವೆರಡನ್ನೂ ಬೆಸೆಯುವ ಎಳೆಯೊಂದುಂಟು. ಅದನ್ನು ಪತ್ರಿಕೆಗಳು ಅಷ್ಟಾಗಿ ಗಮನಿಸಲಿಲ್ಲವಾದರೂ, ಮಿಶನ್ ಶಾಲೆಯಲ್ಲಿ ಬೆಳೆದ ನಮ್ಮಂಥವರ ಕಣ್ಣಿಗೆ ಅದು ಬೀಳದೆ ಇರಲಾರದು.

ಮೊದಲನೆಯ ಚಿತ್ರದ ಹೆಸರನ್ನು ಇಂಗ್ಲೆಂಡಿನ ಕವಿ ಬ್ಲೇಕನ ಪದ್ಯದಿಂದ ತೆಗೆದರೆಂಬುದು ನಿಜ. ಆದರೆ ಅದರ ಮೂಲವು ಅರಸುಗಳ ಎರಡನೆಯ ಗ್ರಂಥದಲ್ಲಿದೆ. ಎಲೀಯನನ್ನು ಎಲೀಷನಿಂದ ಅಗಲಿಸಿದ ಆ ಅಗ್ನಿರಥವನ್ನು ಭಾನುವಾರದ ಶಾಲೆಯಲ್ಲಿ ಕಲಿಯದವರು ನಮ್ಮಲ್ಲಿ ಯಾರಿದ್ದಾರೆ? ಚಿತ್ರವನ್ನು ನಿರ್ದೇಶಿಸಿದವರು ಹ್ಯೂ ಹಡ್ಸನ್, ನಿರ್ಮಿಸಿದವರು ಡೇವಿಡ್ ಪಟ್ನಮ್, ಕಥೆಯನ್ನು ಬರೆದವರು ಕಾಲಿನ್ ವೆಲ್ಯಾಂಡ್. 1924ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಬ್ರಿಟನ್ನಿನ ಪರವಾಗಿ ಓಡಿದ ಇಬ್ಬರು ತರುಣರ ವೃತ್ತಾಂತವಿದು. ಒಬ್ಬನು ಯೆಹೂದ್ಯನಾದ ಹೆರಾಲ್ಡ್ ಏಬ್ರಹಾಮ್ಸ್; ಮತ್ತೊಬ್ಬನು ಚೀನಾ ದೇಶದ ತ್ಯಾನ್‌ಜಿನ್ ನಗರದಲ್ಲಿ ಮಿಶನರಿಗಳ ಮಗನಾಗಿ ಹುಟ್ಟಿದ ಎರಿಕ್ ಲಿಡ್ಡೆಲ್ ಎಂಬ ಸ್ಕಾಟ್ಲೆಂಡಿನವನು.

ಆ ಚಿತ್ರದ ಸಂಗೀತವನ್ನು ಕುರಿತು ಎರಡು ಮಾತು ಹೇಳದೆ ಮುಂದಕ್ಕೆ ಹೋಗಲು ಮನಸ್ಸು ಬಾರದು. ಬಿಳಿಯ ಉಡುಪಿನ ತರುಣರು ಕಡಲ ತಡಿಯಲ್ಲಿ ಬರಿಗಾಲಿನಿಂದ ಓಡುವ ಆರಂಭದ ದೃಶ್ಯವು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಊರಿನ ಮರಳ ದಂಡೆಯಲ್ಲಿ ತೆಗೆದುದು. ಅದಕ್ಕೆ ನಾದವನ್ನು ಕೂಡಿಸಿದವರು ಗ್ರೀಸ್ ದೇಶದ ವ್ಯಾಂಜೆಲಿಸ್. ಅರುವತ್ತು ವರ್ಷಗಳ ಹಿಂದಿನ ಕಥೆಗೆ ಆ ಕಾಲದ ವಾದ್ಯಮೇಳವನ್ನೇ ಹೂಡುವುದು ವಾಡಿಕೆ. ಇವರಾದರೋ ಪಿಯಾನೋದೊಡನೆ ವಿದ್ಯುಚ್ಛಕ್ತಿಯಿಂದ ನುಡಿಯುವ ಸಿಂಥಸೈಜರ್ ವಾದ್ಯವನ್ನಿಟ್ಟುಕೊಂಡು ತಾವೊಬ್ಬರೇ ಎಲ್ಲವನ್ನೂ ನುಡಿಸಿದರು. ಕೇಳಿದವರಿಗೆ ಅದು ಹಳತೂ ಅಲ್ಲ, ಹೊಸತೂ ಅಲ್ಲ, ಎದೆಬಡಿತವೇ ರಾಗವಾದಂತೆ ತೋರಿತು. ಆ ಸಂಗೀತಕ್ಕೂ ಆಸ್ಕರ್ ಬಂದಿತು. 1982ರ ಮೇ ತಿಂಗಳಿನಲ್ಲಿ ಅಮೆರಿಕದ ಜನಪ್ರಿಯ ಗೀತಗಳ ಪಟ್ಟಿಯಲ್ಲಿ, ಹಾಡುವ ಮಾತೊಂದೂ ಇಲ್ಲದ ಆ ಕೃತಿಯು ಮೊದಲನೆಯ ಸ್ಥಾನಕ್ಕೇರಿತು. ಮುಂದೆ ಎಷ್ಟೋ ಶಾಲೆಗಳ ಕ್ರೀಡಾದಿನಗಳಲ್ಲಿ ಅದನ್ನು ಧ್ವನಿವರ್ಧಕದಲ್ಲಿ ಹಾಕಿ ಹಾಕಿ ಸವೆಸಿಬಿಟ್ಟರೆಂಬುದು ಬೇರೆ ಮಾತು.

ಇನ್ನು ಕಥೆಯ ತಿರುಳು. ನೂರು ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಬೀಳುವುದರಿಂದ ಲಿಡ್ಡೆಲನು, ಕರ್ತನ ದಿನದಲ್ಲಿ ತಾನು ಓಡಲಾರೆನೆಂದನು. ಚಿತ್ರದಲ್ಲಿ ಅವನಿಗೆ ಈ ಸಂಗತಿಯು ಪ್ಯಾರಿಸ್ಸಿಗೆ ಹೊರಡುವ ಹಡಗನ್ನು ಹತ್ತುವಾಗ ತಿಳಿಯುತ್ತದೆ. ಯುವರಾಜನೂ ಪ್ರಭುಗಳೂ ಒಂದು ಕೋಣೆಯಲ್ಲಿ ಅವನನ್ನು ಸುತ್ತುಗಟ್ಟಿ ಒತ್ತಾಯಿಸುತ್ತಾರೆ. ಆಗ ಲಿಂಡ್ಸೆ ಎಂಬ ಉದಾರನಾದ ಪ್ರಭುವೊಬ್ಬನು ನಾನೂರು ಮೀಟರಿನಲ್ಲಿ ತನಗಿದ್ದ ಸ್ಥಾನವನ್ನು ಬಿಟ್ಟುಕೊಟ್ಟು ಸಂಕಟವನ್ನು ಪರಿಹರಿಸುತ್ತಾನೆ. ನೋಡುವುದಕ್ಕೆ ಬಹು ಸೊಗಸಾಗಿದೆ. ನಡೆದುದು ಬೇರೆ. ಲಿಡ್ಡೆಲನಿಗೆ ಆ ವೇಳಾಪಟ್ಟಿಯು ಎಷ್ಟೋ ತಿಂಗಳು ಮೊದಲೇ ತಿಳಿದಿತ್ತು. ಅವನು ಆಗಲೇ ನಿಶ್ಚಯ ಮಾಡಿ, ತನಗೆ ಅಷ್ಟು ರೂಢಿಯಿಲ್ಲದ ನಾನೂರು ಮೀಟರಿಗೆ ಮೌನವಾಗಿ ಅಭ್ಯಾಸಮಾಡಿದನು. ಭಾನುವಾರ ಬಿದ್ದ ರಿಲೇ ಓಟಗಳನ್ನೂ ಬಿಟ್ಟುಕೊಟ್ಟನು. ಲಿಂಡ್ಸೆ ಎಂಬವನು ಕಥೆಗಾರನ ಕಲ್ಪನೆ. ಮಿಶನ್ ಕೆಲಸಕ್ಕೆ ಓಟವು ಅಡ್ಡಿಯೆಂದು ತಂಗಿಯು ಮುನಿಸಿಕೊಂಡಳೆಂಬುದೂ ಕಲ್ಪನೆಯೇ. ಕೊನೆಗೆ ಅವನು 47.6 ಸೆಕೆಂಡುಗಳಲ್ಲಿ ಓಡಿ ಒಲಿಂಪಿಕ್ ದಾಖಲೆಯೊಡನೆ ಚಿನ್ನವನ್ನು ಗೆದ್ದುದು, ಇನ್ನೂರು ಮೀಟರಿನಲ್ಲಿ ಕಂಚನ್ನು ಪಡೆದುದು ಮಾತ್ರ ಸತ್ಯ. ನನಗಾದರೋ ಹಡಗಿನ ಮೆಟ್ಟಿಲ ಮೇಲಿನ ಗಾಬರಿಗಿಂತ ಆ ತಿಂಗಳುಗಟ್ಟಲೆಯ ಮೌನಾಭ್ಯಾಸವೇ ದೊಡ್ಡದಾಗಿ ಕಾಣುತ್ತದೆ. ಆದರೆ ಮೌನವನ್ನು ತೆರೆಯ ಮೇಲೆ ತೋರಿಸುವುದು ಕಷ್ಟವಷ್ಟೆ!

ಈ ಚಿತ್ರವನ್ನು ನಾವು ನೋಡಿದುದು 1984ರಲ್ಲಿ, ವಸತಿಗೃಹದ ಭೋಜನಶಾಲೆಯಲ್ಲಿ, ಒಂದು ರಾತ್ರಿಗೆ ಬಾಡಿಗೆಗೆ ತಂದ ವಿಡಿಯೋ ಯಂತ್ರದ ಮೂಲಕ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಪ್ರಾರಂಭವಾಗಿತ್ತು. ಮರುವರ್ಷ ಏಷ್ಯಾ ಕ್ರೀಡೆಗಳ ಸಮಯಕ್ಕೆ ದೇಶಕ್ಕೆ ಬಣ್ಣದ ಟೆಲಿವಿಷನ್ ಬಂದಿತು. ದಿಲ್ಲಿಯಲ್ಲಿ ಎಂ. ಡಿ. ವಲ್ಸಮ್ಮನು ನಾನೂರು ಮೀಟರ್ ಹರ್ಡಲ್ಸ್ ಗೆದ್ದುದನ್ನೂ, ಪಿ. ಟಿ. ಉಷಾ ಎರಡು ಬೆಳ್ಳಿಗಳನ್ನು ಪಡೆದುದನ್ನೂ ನೆರೆಮನೆಯ ಡಾಕ್ಟರ ಹಜಾರದಲ್ಲಿ ಕುಳಿತು ಕಂಡ ನಮ್ಮ ಹುಡುಗಿಯರು ಮರುದಿನದಿಂದಲೇ ಆಟದ ಬಯಲಿಗೆ ಇಳಿದಿದ್ದರು. ಅವರಲ್ಲಿ ನನ್ನ ಗೆಳತಿಯೊಬ್ಬಳು ನಿಜವಾಗಿಯೂ ಓಡಬಲ್ಲವಳಾಗಿದ್ದಳು. ಅವಳ ತಂದೆ ಗಿರಣಿಯ ಕೆಲಸಗಾರರು. ಓಟದಲ್ಲಿ ಹೆಸರು ಬಂದರೆ ಮಗಳಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕೀತೆಂಬುದು ಅವರ ಆಸೆ. ಆ ಮನೆಗೆ ಅದೊಂದು ಸಣ್ಣ ಆಸೆಯಲ್ಲ. 1983ರಲ್ಲಿ, ರಾಜ್ಯದ ತಂಡಕ್ಕೆ ಆರಿಸುವ ಕ್ರೀಡಾಕೂಟವು ಮಳೆಯಿಂದ ತಡವಾಗಿ, ಅವಳ ಅಂತಿಮ ಓಟವನ್ನು ಭಾನುವಾರ ಬೆಳಗ್ಗೆಗೆ ಹಾಕಿದರು. ಅವಳು ಓಡಲಿಲ್ಲ. ಸಂಜೆಗೆ ಮುಂದೂಡಿರೆಂದು ನಮ್ಮ ಉಪಾಧ್ಯಾಯಿನಿಯವರು ಕೇಳಿಕೊಂಡುದನ್ನು ಅಲ್ಲಿನವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮಿಸ್ಸಮ್ಮನವರು ಅವಳನ್ನು ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಪ್ಪ ಮಾತ್ರ ಕ್ರಿಸ್ಮಸ್ ರಜೆ ಮುಗಿಯುವ ವರೆಗೂ ಮಗಳೊಡನೆ ಮಾತನಾಡಲಿಲ್ಲವಂತೆ.

ಚಿತ್ರ ಮುಗಿದಾಗ ನಮ್ಮಲ್ಲಿ ಅಳದವರೇ ಇರಲಿಲ್ಲ, ಅವಳೊಬ್ಬಳ ಹೊರತು. ಬೆಂಚುಗಳನ್ನು ಎತ್ತಿಡುವಾಗ ನನ್ನ ಕಡೆ ತಿರುಗಿ, “ಅವನಿಗೆ ಇನ್ನೊಂದು ಓಟವಿತ್ತು ಕಣೇ,” ಎಂದಳು.

ನಾನು ಆಗ ಉತ್ತರ ಕೊಡಲಿಲ್ಲ. ಈಗಲೂ ನನ್ನಲ್ಲಿ ಉತ್ತರವಿಲ್ಲ. ಆದರೆ ಲಿಡ್ಡೆಲನ ಬಾಳಿನ ಉಳಿದ ಭಾಗವನ್ನು ಮುಂದೆ ಓದಿದಾಗ ಅವಳ ಮಾತು ಮತ್ತೆ ಮತ್ತೆ ಎದುರಿಗೆ ನಿಂತಿತು. ಚಿತ್ರವು ಆ ಭಾಗವನ್ನು ಕೊನೆಯ ಅಕ್ಷರಗಳಲ್ಲಿ ಒಂದೆರಡು ಸಾಲಿಗೆ ಮುಗಿಸುತ್ತದೆ. ಅವನು 1925ರಲ್ಲಿ ಕೀರ್ತಿಯನ್ನೆಲ್ಲ ಬಿಟ್ಟು ಚೀನಾಕ್ಕೆ ಹೋಗಿ ಉಪಾಧ್ಯಾಯನಾದನು, ಆಮೇಲೆ ಹಳ್ಳಿಗಳಲ್ಲಿ ಸುವಾರ್ತಾಸೇವೆ ಮಾಡಿದನು. ಯುದ್ಧವು ಸಮೀಪಿಸಲು 1941ರಲ್ಲಿ ಗರ್ಭಿಣಿಯಾದ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿ ತಾನು ಅಲ್ಲೇ ನಿಂತನು. ಮೂರನೆಯ ಮಗಳ ಮುಖವನ್ನು ಅವನು ಕಾಣಲೇ ಇಲ್ಲ. 1943ರಲ್ಲಿ ಜಪಾನೀಯರು ಅವನನ್ನು ವೇಯ್‌ಶಿಯನ್ ಎಂಬಲ್ಲಿನ ಬಂಧನ ಶಿಬಿರದಲ್ಲಿಟ್ಟರು. ತಂದೆತಾಯಿಗಳಿಂದ ಅಗಲಿದ ಮಿಶನ್ ಶಾಲೆಯ ಮಕ್ಕಳು ಅಲ್ಲಿ ಬಹುಮಂದಿ ಇದ್ದರು. ಮೊದಮೊದಲು ಅವನು ಅಲ್ಲಿಯೂ ಭಾನುವಾರದ ಆಟಗಳಿಗೆ ಸೇರಲಿಲ್ಲ. ಆದರೆ ನೋಡಿಕೊಳ್ಳುವವರಿಲ್ಲದೆ ಹಾಕಿ ಆಡಿದ ಮಕ್ಕಳು ಹೊಡೆದಾಟಕ್ಕೆ ಇಳಿದಾಗ, ಮುಂದಿನ ಭಾನುವಾರ ಲಿಡ್ಡೆಲನೇ ತೀರ್ಪುಗಾರನಾಗಿ ಬಯಲಿಗೆ ಬಂದನು. ಒಲಿಂಪಿಕ್ ಚಿನ್ನಕ್ಕಾಗಿ ಸಡಿಲಿಸದ ನಿಯಮವನ್ನು ಕೆಲವು ಅನಾಥಪ್ರಾಯ ಮಕ್ಕಳಿಗಾಗಿ ಸಡಿಲಿಸಿದನು. 1945ರ ಫೆಬ್ರವರಿ 21ರಂದು, ಶಿಬಿರದ ಬಿಡುಗಡೆಗೆ ಆರು ತಿಂಗಳು ಮುಂಚೆ, ಮಿದುಳಿನ ಗಡ್ಡೆಯಿಂದ ಅಲ್ಲೇ ತೀರಿಕೊಂಡನು. ಆಗ ಅವನಿಗೆ 43 ವರ್ಷ.

ಈ ಹಾಕಿ ಆಟದ ಸಂಗತಿಯನ್ನು ಎಷ್ಟೋ ವರ್ಷಗಳ ಮೇಲೆ ಗೆಳತಿಗೆ ಹೇಳಿದೆನು. ಅಷ್ಟರಲ್ಲಿ ಅವಳು ದಾದಿಯಾಗಿದ್ದಳು. ಎಷ್ಟೋ ಭಾನುವಾರಗಳನ್ನು ವಾರ್ಡಿನಲ್ಲೇ ಕಳೆದಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಮಕ್ಕಳಿಗೆ ಎಷ್ಟು ವಯಸ್ಸಿತ್ತಂತೆ?” ಎಂದು ಮಾತ್ರ ಕೇಳಿದಳು.

ಇನ್ನು ನಾನು ಮೊದಲು ಹೇಳಿದ ಎಳೆ. ಲಿಡ್ಡೆಲನಾಗಿ ಅಭಿನಯಿಸಿದವರು ಇಯಾನ್ ಚಾರ್ಲ್ಸನ್ ಎಂಬ ಸ್ಕಾಟಿಷ್ ನಟರು. ಆ ಪಾತ್ರಕ್ಕಾಗಿ ಅವರು ಸತ್ಯವೇದವನ್ನು ಆದ್ಯಂತವಾಗಿ ಓದಿದರೆಂದೂ, ಮಳೆಯಲ್ಲಿ ನಿಂತ ಜನರಿಗೆ ಲಿಡ್ಡೆಲನು ಮಾಡುವ ಉಪದೇಶವನ್ನು ತಾವೇ ಬರೆದರೆಂದೂ ಪ್ರಸಿದ್ಧವಾಗಿದೆ. ಅದೇ ನಟರು ‘ಗಾಂಧಿ’ ಚಿತ್ರದಲ್ಲಿ ಚಾರ್ಲ್ಸ್ ಫ್ರೀಯರ್ ಆಂಡ್ರೂಸರಾಗಿ, ನಮ್ಮ ದೀನಬಂಧುವಾಗಿ, ಕಾಣಿಸಿಕೊಂಡರು. ಅಂಗಿಯ ಮೇಲೆ ಪಾದ್ರಿಯ ಕೊರಳಪಟ್ಟಿಯನ್ನು ಧರಿಸಿ, ಹಳ್ಳಿಗರೊಡನೆ ಕೂರಲು ನಗುನಗುತ್ತ ರೈಲಿನ ಮಾಡನ್ನು ಹತ್ತುವ ಆ ದೃಶ್ಯವನ್ನು ನೋಡಿದವರು ಮರೆಯಲಾರರು. ಇಲ್ಲಿಯೂ ಕಥೆಗಾರರು ಚರಿತ್ರೆಯನ್ನು ಕೊಂಚ ತಿರುಗಿಸಿದ್ದಾರೆ. ಆಂಡ್ರೂಸರು ದಕ್ಷಿಣ ಆಫ್ರಿಕಕ್ಕೆ ಹೋದುದು ಹೋರಾಟದ ಪ್ರಾರಂಭದಲ್ಲಲ್ಲ, ಅದು ಮುಗಿಯುತ್ತ ಬಂದ 1914ರ ಜನವರಿಯಲ್ಲಿ. ಜೊತೆಗೆ ಪಿಯರ್ಸನ್ ಎಂಬ ಮಿತ್ರರೂ ಇದ್ದರು. ಡರ್ಬನ್ನಿನಲ್ಲಿ ಇಳಿದೊಡನೆ ಆಂಡ್ರೂಸರು ಬಗ್ಗಿ ಗಾಂಧಿಯವರ ಪಾದಗಳನ್ನು ಮುಟ್ಟಿದರು. ಅದನ್ನು ಕಂಡ ಬಿಳಿಯರು ಸಿಡಿಮಿಡಿಗೊಂಡರು. ಇಂಥ ದೃಶ್ಯವನ್ನು ಚಿತ್ರದಲ್ಲಿ ಏಕೆ ಬಿಟ್ಟರೋ ನಾನರಿಯೆ.

ಆ ಚಿತ್ರಕ್ಕಾಗಿ ರಿಚರ್ಡ್ ಅಟೆನ್‌ಬರೋ ಇಪ್ಪತ್ತು ವರ್ಷ ಪಟ್ಟ ಪಾಡು, ಬೆನ್ ಕಿಂಗ್ಸ್ಲಿಯವರ ಅಭಿನಯ, ಅಂತ್ಯಯಾತ್ರೆಗೆ ಸೇರಿದ ಲಕ್ಷಗಟ್ಟಲೆ ಜನ, ಇವೆಲ್ಲ ಸರ್ವವಿದಿತ. ಸಂಗೀತದಲ್ಲಿ ಜಾರ್ಜ್ ಫೆಂಟನ್ನರೊಡನೆ ನಮ್ಮ ರವಿಶಂಕರರ ಕೈಯಿತ್ತು. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಒಂದು ಹೆಸರನ್ನು ಮಾತ್ರ ಬಿಡಲಾಗದು. ಅದಕ್ಕೆ ದೊರೆತ ಎಂಟು ಆಸ್ಕರ್‌ಗಳಲ್ಲಿ ಒಂದನ್ನು, ಉಡುಪುಗಳ ವಿನ್ಯಾಸಕ್ಕಾಗಿ, ಜಾನ್ ಮೊಲೊ ಅವರೊಡನೆ ಹಂಚಿಕೊಂಡವರು ಕೊಲ್ಲಾಪುರದಲ್ಲಿ ಹುಟ್ಟಿದ ಭಾನು ಅಥೈಯಾ. ಆಸ್ಕರ್ ಪಡೆದ ಭಾರತೀಯರಲ್ಲಿ ಅವರೇ ಮೊದಲಿಗರು. ಆ ವಿಗ್ರಹವು ಮುಂದೆ ಕೆಟ್ಟುಹೋಗಬಾರದೆಂದು 2012ರಲ್ಲಿ ಅದನ್ನು ಕೊಟ್ಟವರ ವಶಕ್ಕೇ ಮರಳಿ ಒಪ್ಪಿಸಿದರು. ಹೊಲಿಗೆಯ ತರಗತಿಯನ್ನು ಹಗುರವಾಗಿ ಕಾಣುವ ನಮ್ಮ ಬಾಲಿಕೆಯರು ಇದನ್ನು ಗಮನಿಸಲಿ.

ಚಾರ್ಲ್ಸನ್ನರ ಕೊನೆಯನ್ನೂ ಹೇಳಬೇಕು. 1989ರಲ್ಲಿ, ರೋಗವು ಮುಖವನ್ನೂ ಕಣ್ಣುಗಳನ್ನೂ ಬಾಧಿಸುತ್ತಿರುವಾಗಲೇ, ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅವರು ಹ್ಯಾಮ್ಲೆಟ್ಟನ ಪಾತ್ರವನ್ನು ವಹಿಸಿದರು. 1990ರ ಜನವರಿ 6ರಂದು ನಾಲ್ವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಏಡ್ಸ್ ರೋಗದ ಹೆಸರನ್ನೆತ್ತಲು ಕುಟುಂಬಗಳು ನಾಚುತ್ತಿದ್ದ ಆ ದಿನಗಳಲ್ಲಿ, ತಮ್ಮ ಮರಣದ ಕಾರಣವನ್ನು ಮುಚ್ಚಿಡದೆ ಪ್ರಕಟಿಸಬೇಕೆಂದು ಅವರೇ ಕೇಳಿಕೊಂಡಿದ್ದರು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಆ ರೋಗಿಗಳ ಶುಶ್ರೂಷೆಗಾಗಿ ಏರ್ಪಟ್ಟ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು.