ಕಾಕಡುವಿನ ನೀರದಂಡೆಯಲ್ಲಿ

ಆಸ್ಟ್ರೇಲಿಯದ ಉತ್ತರ ತುದಿಯಲ್ಲಿರುವ ಡಾರ್ವಿನ್ ನಗರದಲ್ಲಿ ನಮ್ಮ ಮಗ ನೆಲೆಸಿದ್ದಾನೆ. ಕಳೆದ ಜುಲೈ ತಿಂಗಳಿನಲ್ಲಿ ಅವನ ಸಂಸಾರದೊಡನೆ ನಾವು ದಂಪತಿಗಳೂ ಕಾಕಡು ರಾಷ್ಟ್ರೀಯ ಉದ್ಯಾನವನ್ನು ಕಾಣಲು ಹೊರಟೆವು. ಸುಮಾರು 250 ಕಿ.ಮೀ. ಸಾಗಿದರೆ ಜಬಿರು ಎಂಬ ಪುಟ್ಟ ಊರು. ಉದ್ಯಾನದ ವಿಸ್ತಾರ 19,000 ಚದರ ಕಿ.ಮೀ.ಗೂ ಮಿಗಿಲು, ನಮ್ಮ ಬೆಳಗಾವಿ ಜಿಲ್ಲೆ ಇಡಿಯಾಗಿ ಅದರಲ್ಲಿ ಅಡಗೀತು. ಎರಡು ಡೇರೆ, ಗ್ಯಾಸ್ ಒಲೆ, ಸೊಸೆ ಕಟ್ಟಿಕೊಂಡಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ: ಇಷ್ಟು ನಮ್ಮ ಸರಂಜಾಮು.

ಅಲ್ಲಿನ ಮೂಲನಿವಾಸಿಗಳಾದ ಬಿನಿಂಜ್ ಜನರು ವರ್ಷವನ್ನು ಆರು ಋತುಗಳಾಗಿ ಎಣಿಸುತ್ತಾರೆಂದು ತಿಳಿದಾಗ ನಮಗೆ ಅಚ್ಚರಿಯೂ ಆಪ್ತತೆಯೂ ಏಕಕಾಲಕ್ಕೆ ಉಂಟಾದವು. ನಾವು ಹೋದದ್ದು ‘ವುರ್ಗೆಂಗ್’ ಎಂಬ ಶೀತಋತುವಿನಲ್ಲಿ.

ಮೊದಲು ಕಂಡದ್ದು ಉಬಿರ್ ಬಂಡೆಗಳನ್ನು. ಮೀನಿನ ಚಿತ್ರಗಳಲ್ಲಿ ಒಳಗಿನ ಮುಳ್ಳು, ಕರುಳುಗಳೂ ಕಾಣುವಂತೆ ಬರೆದಿದ್ದಾರೆ. ಆಸ್ಟ್ರೇಲಿಯದ ಮುಖ್ಯ ಭೂಭಾಗದಿಂದ ಸುಮಾರು ಮೂರು ಸಾವಿರ ವರ್ಷಗಳ ಹಿಂದೆಯೇ ಅಳಿದುಹೋದ ಥೈಲಸೀನ್ ಎಂಬ ಪಟ್ಟೆಪಟ್ಟೆಯ ಪ್ರಾಣಿಯೂ ಒಂದು ಬಂಡೆಯ ಮೇಲಿದೆ. ಇನ್ನೊಂದೆಡೆ ಕಿಸೆಯಲ್ಲಿ ಕೈಯಿಟ್ಟು ನಿಂತ ಬಿಳಿಯನ ಚಿತ್ರ! ಬಂದವರನ್ನೆಲ್ಲ ಈ ಬಂಡೆಗಳು ದಾಖಲಿಸಿವೆ. ಮೇಲೇರಿದರೆ ಹಸುರು ಜೌಗುಬಯಲು ದಿಗಂತದವರೆಗೆ ಹಾಸಿದೆ.

ಎರಡನೆಯ ದಿನದ ಸಂಜೆ ನಡೆದುದನ್ನು ಹೇಳಲು ಸಂಕೋಚವಾಗುತ್ತದೆ. ಡೇರೆಯ ಸಮೀಪದಲ್ಲಿಯೇ ತಾವರೆ ತುಂಬಿದ ಕೊಳ. ಮೊಸಳೆಯ ಚಿತ್ರವಿದ್ದ ಎಚ್ಚರಿಕೆಯ ಫಲಕವನ್ನು ನಾವೆಲ್ಲ ಓದಿದ್ದೆವು. ಆದರೂ ಮಲಪ್ರಭೆಯ ದಂಡೆಯಲ್ಲಿ ಬೆಳೆದ ನಮ್ಮ ಮನೆಯವರು, ಹಳೆಯ ರೂಢಿಯಂತೆ, ಪಾತ್ರೆಗಳನ್ನು ಎತ್ತಿಕೊಂಡು ನೀರಿಗಿಳಿದರು. ನಾವು ನೋಡಿಯೂ ತಡೆಯಲಿಲ್ಲ. ತಪ್ಪು ನಮ್ಮದೂ ಹೌದು. ಮಗ ಬರಿಗಾಲಲ್ಲಿ ಓಡಿ ತಾಯಿಯ ರಟ್ಟೆ ಹಿಡಿದು ಎಳೆದುಕೊಂಡ. ಎಂದೂ ದನಿಯೇರಿಸದವನು ಅಂದು ಕೂಗಾಡಿದ. ಆಕೆ ಉಣ್ಣದೆ ಮಲಗಿದರು.

ಮರುದಿನ ಬೆಳಿಗ್ಗೆ ಯೆಲ್ಲೋ ವಾಟರ್ ಎಂಬ ಜಲರಾಶಿಯಲ್ಲಿ ದೋಣಿಯೇರಿದೆವು. ನಮ್ಮ ಕೆರೆಗಳಲ್ಲಿ ಅರಳುವ ಅದೇ ತಾವರೆ, ಸಾಲುಸಾಲಾಗಿ ಬಾತುಗಳು, ಉದ್ದಗಾಲಿನ ಜಬಿರು ಕೊಕ್ಕರೆ. ದೋಣಿಯವನು ಸುಮ್ಮನೆ ಬೆರಳು ತೋರಿಸಿದ. ಎಲೆಗಳ ನಡುವೆ ಮರದ ಕೊರಡೆಂದು ಭಾವಿಸಿದ್ದು ಹದಿನಾಲ್ಕು ಅಡಿಗೆ ಕಡಿಮೆಯಿರದ ಮೊಸಳೆ. ನೀರಿನಲ್ಲಿ ಒಂದು ಅಲೆಯೂ ಇರಲಿಲ್ಲ. ನಮ್ಮ ಮನೆಯವರು ಮಾತಾಡದೆ ಮಗನ ಕೈ ಹಿಡಿದುಕೊಂಡರು.

ಬುರುಂಗ್‌ಕುಯ್ ಬಂಡೆಯಲ್ಲಿ ಸಿಡಿಲಿನ ಪುರುಷ ನಮರ್ಗೊನ್‌ನ ಚಿತ್ರವಿದೆ. ಮೊಣಕಾಲು ಮೊಣಕೈಗಳಿಗೆ ಕಟ್ಟಿದ ಕಲ್ಲುಕೊಡಲಿಗಳಿಂದಲೇ ಅವನು ಗುಡುಗನ್ನು ಹುಟ್ಟಿಸುವನಂತೆ. ಇಲ್ಲಿನ ಚಿತ್ರಗಳನ್ನು ನಯೋಂಬೋಲ್ಮಿ ಎಂಬ ಕಲಾವಿದರು 1960ರ ದಶಕದಲ್ಲಿ ಹೊಸದಾಗಿ ಬರೆದರು. ಹಳತರ ಮೇಲೆ ಹೊಸತನ್ನು ಬರೆಯುವುದು ಅವರಲ್ಲಿ ಅಪಚಾರವಲ್ಲ, ಪರಂಪರೆ.

ಕೊನೆಗೆ ಜಿಮ್ ಜಿಮ್ ಜಲಪಾತ. ಸುಮಾರು 200 ಮೀಟರ್ ಎತ್ತರದ ಕಡಿದಾದ ಬಂಡೆಗೋಡೆ. ಮಳೆಗಾಲದಲ್ಲಿ ಅದು ಭೋರ್ಗರೆಯುವಾಗ ರಸ್ತೆಯೇ ನೀರಿನಡಿ, ವಿಮಾನದಿಂದಲೇ ನೋಡಬೇಕು. ರಸ್ತೆ ತೆರೆದಾಗ ಧಾರೆ ಸೊರಗಿರುತ್ತದೆ. ನಾವು ಕಂಡದ್ದು ಬೆಳ್ಳಿಯ ಎಳೆಯಂಥ ನೀರನ್ನು. ಬಂಡೆಗಳನ್ನು ಹತ್ತಿಳಿದು ಬಂದ ಆಯಾಸದಲ್ಲಿ ನಮ್ಮ ಮನೆಯವರು ಮಡುವಿನ ಅಂಚಿನಲ್ಲಿ ನಿಂತು, “ಇಲ್ಲಿ ಇಳೀಬಹುದೇನಪ್ಪಾ?” ಎಂದು ಮಗನನ್ನು ಕೇಳಿದರು.

ಅವನು ಫಲಕವನ್ನು ಮತ್ತೊಮ್ಮೆ ಓದಿ, “ಬ್ಯಾಡವ್ವಾ” ಎಂದ. ಎಲ್ಲರೂ ನೆರಳಿನ ಬಂಡೆಯ ಮೇಲೆ ಕುಳಿತು, ಚೀಲದಲ್ಲಿದ್ದ ನೀರನ್ನೇ ಹಂಚಿಕೊಂಡು ಕುಡಿದೆವು.