ಕಾಲುಚೀಲದಲ್ಲೊಂದು ಕಿತ್ತಳೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಎಪ್ಪತ್ತು ದಾಟಿದ ನನಗೆ ಸಂತೋಷದೊಡನೆ ಸ್ವಲ್ಪ ಅಳುಕೂ ಆಯಿತು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಮೇಷ್ಟ್ರಾದವನು ನಾನು, ಲೇಖಕನಲ್ಲ. ಶಾಲೆಯ ಸ್ಥಾಪನೆ, ಕಟ್ಟಡ, ದಾನಿಗಳು ಇವುಗಳನ್ನು ಕುರಿತು ಬಲ್ಲವರು ಬರೆಯುತ್ತಾರೆ. ನಾನು ಒಂದು ಸಣ್ಣ ಸಂಗತಿಯನ್ನು ಮಾತ್ರ ನಿವೇದಿಸಿಕೊಳ್ಳುತ್ತೇನೆ. ಅದು ಡಿಸೆಂಬರ್ ತಿಂಗಳಲ್ಲಿ ನಮ್ಮ ಮಕ್ಕಳಿಗೆ ತುಂಬಿಕೊಡುತ್ತಿದ್ದ ಕಾಲುಚೀಲದ ಸಂಗತಿ.

ಪೆರಿಕಲ್ಲೂರಿನ ಕಡವನ್ನು ಕಂಡವರಿಗೆ ಇಲ್ಲಿಯ ಜೀವನವನ್ನು ವಿವರಿಸಬೇಕಾಗಿಲ್ಲ. ಕಬಿನಿಯ ಈ ದಡ ಕೇರಳ, ಆ ದಡ ಮೈಸೂರು ಜಿಲ್ಲೆಯ ಬೈರಕುಪ್ಪೆ. 1956ರ ನವೆಂಬರ್ 1ರಂದು ಎರಡು ರಾಜ್ಯಗಳೂ ಒಂದೇ ದಿನ ರೂಪುಗೊಂಡವು; ಆದರೆ ದೋಣಿಯಲ್ಲಿ ಕುಳಿತವರು ಮೊದಲಿನಂತೆಯೇ ಎರಡು ಭಾಷೆಗಳಲ್ಲಿ ಮಾತನಾಡುತ್ತಲೇ ಇದ್ದರು. 1940ರ ದಶಕದಿಂದೀಚೆಗೆ ತಿರುವಾಂಕೂರಿನಿಂದ ವಲಸೆ ಬಂದ ಕ್ರೈಸ್ತ ಕುಟುಂಬಗಳು ಈ ವಯನಾಡಿನ ಮಣ್ಣಿನಲ್ಲಿ ನೆಲೆಯೂರಿದ ಮೇಲೆ, ಡಿಸೆಂಬರ್ ಬಂತೆಂದರೆ ಮನೆಮನೆಯ ಮುಂದೆ ಕಾಗದದ ನಕ್ಷತ್ರದೀಪ, ಅಂಗಳದಲ್ಲಿ ಹುಲ್ಲಿನ ಗೋದಲಿ. ನಮ್ಮ ಮಕ್ಕಳು ಸಂಜೆ ಆ ದೀಪಗಳ ಕೆಳಗೆ ನಡೆದು ಮನೆಗೆ ಹೋಗುತ್ತಿದ್ದರು. "ಮೇಷ್ಟ್ರೇ, ಆ ಗಡ್ಡದ ತಾತ ಕನ್ನಡ ಶಾಲೆಗೆ ಯಾಕೆ ಬರೋದಿಲ್ಲ?" ಎಂದು ಅವರು ಕೇಳಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

1986ರ ಡಿಸೆಂಬರಿನಲ್ಲಿ ನಾನು ಉತ್ಸಾಹದಿಂದ ಒಂದು ಸೂಚನೆ ಕೊಟ್ಟೆ. ಪ್ರತಿಯೊಬ್ಬರೂ ಮನೆಯಿಂದ ಒಂದು ಕಾಲುಚೀಲ ತರಬೇಕು, ಅದರಲ್ಲಿ ಏನಾದರೂ ತಿಂಡಿ, ಏನಾದರೂ ಆಟಿಕೆ ಇರಬೇಕು, ಎಲ್ಲವನ್ನೂ ಕಿಟಕಿಯ ಸರಳಿಗೆ ತೂಗುಹಾಕೋಣ ಎಂದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಬರುವವರು ಎಂಬುದನ್ನು ದಿನವೂ ಕಣ್ಣಾರೆ ಕಾಣುತ್ತಿದ್ದ ನನಗೆ ಆ ಕ್ಷಣ ಅದು ಹೊಳೆಯಲಿಲ್ಲ. ಕೆಲವರು ತಂದರು. ಒಂದರಲ್ಲಿ ಮಿಠಾಯಿ, ಇನ್ನೊಂದರಲ್ಲಿ ಕೀಲಿ ಕೊಟ್ಟರೆ ಓಡುವ ಕಾರು. ಮೂರನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಎರಡು ದಿನ ಶಾಲೆಗೇ ಬರಲಿಲ್ಲ.

ಮೂರನೆಯ ದಿನ ಸಂಜೆ ನಾನು ಅವಳ ಮನೆಗೆ ಹೋದೆ. ತಾಯಿ ತೋಟದ ಕೂಲಿ. ಗೋಡೆಯ ಮೊಳೆಗೆ ಒಂದು ವಿಚಿತ್ರವಾದ ಚೀಲ ತೂಗುತ್ತಿತ್ತು. ಗಂಡನ ಹಳೆಯ ಅಂಗಿಯ ತೋಳನ್ನು ಕತ್ತರಿಸಿ, ಒಂದು ತುದಿಯನ್ನು ಹೊಲಿದು ಆಕೆ ಕಾಲುಚೀಲ ಮಾಡಿದ್ದಳು. "ಚೀಲ ಆಯ್ತು ಸ್ವಾಮಿ, ಒಳಗೆ ಹಾಕೋಕೆ ಏನೂ ಇರ್ಲಿಲ್ಲ. ಅದಕ್ಕೇ ನಾಚಿಕೊಂಡು ಕೂತವ್ಳೆ" ಎಂದಳು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಅಂದು ನನಗಾದ ನಾಚಿಕೆಯನ್ನು ಈವರೆಗೆ ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಎರಡು ದಿನಗಳಿಗೆ "ಅನಾರೋಗ್ಯ" ಎಂದು ಬರೆದವನು ನಾನೇ. ಕಾಯಿಲೆ ಅವಳದಾಗಿರಲಿಲ್ಲ, ತಪ್ಪು ನನ್ನದಾಗಿತ್ತು.

ಮರುವರ್ಷದಿಂದ ಕ್ರಮ ಬದಲಾಯಿತು. ಮನೆಯಿಂದ ಯಾರೂ ಏನನ್ನೂ ತರಕೂಡದು, ಶಾಲೆಯೇ ತುಂಬಬೇಕು, ಎಲ್ಲರಿಗೂ ಒಂದೇ ಸಮನಾಗಿರಬೇಕು ಎಂದು ಗೊತ್ತುಮಾಡಿದೆವು. ಚೀಲಕ್ಕೆ ಮಾದರಿಯಾದದ್ದು ಆ ತಾಯಿಯ ಅಂಗಿಯ ತೋಳು. ಊರವರಿಂದ ಹಳೆಯ ತುಂಬುತೋಳಿನ ಅಂಗಿಗಳನ್ನು ಕೇಳಿ ಪಡೆದೆವು. ಒಂದು ಅಂಗಿಗೆ ಎರಡು ಚೀಲ. ನಮ್ಮ ಭಾಷೆಯಲ್ಲಿ ಆ ವಸ್ತುವಿಗೆ ಚೀಲವೆಂದೇ ಹೆಸರಿರುವಾಗ ಅದು ಕಾಲಿನದಾದರೇನು, ತೋಳಿನದಾದರೇನು?

ಒಬ್ಬ ಹಿರಿಯರು ಶಾಲೆಗೆ ಬಂದು, "ಇದು ನಮ್ಮ ಹಬ್ಬವೇ, ಮೇಷ್ಟ್ರೇ?" ಎಂದು ಕೇಳಿದರು. ಅವರಿಗೆ ನಾನು ಸಂತ ನಿಕೋಲಾಸನ ಐತಿಹ್ಯವನ್ನು ಹೇಳಿದೆ. ನಾಲ್ಕನೆಯ ಶತಮಾನದಲ್ಲಿ, ಈಗಿನ ತುರ್ಕಿ ದೇಶದಲ್ಲಿರುವ ಮೈರಾ ಎಂಬ ಊರಿನಲ್ಲಿ ಆತ ಧರ್ಮಾಧ್ಯಕ್ಷನಾಗಿದ್ದ. ಬಡವನೊಬ್ಬನಿಗೆ ಮೂವರು ಹೆಣ್ಣುಮಕ್ಕಳು, ವರದಕ್ಷಿಣೆಗೆ ಹಣವಿಲ್ಲ. ನಿಕೋಲಾಸ ರಾತ್ರಿ ಗುಟ್ಟಾಗಿ ಅವರ ಮನೆಯೊಳಗೆ ಚಿನ್ನ ಎಸೆದು ಹೋದನಂತೆ. ಅದು ಒಲೆಯ ಬಳಿ ಒಣಹಾಕಿದ್ದ ಕಾಲುಚೀಲದಲ್ಲಿ ಬಿತ್ತೆಂದು ನಂತರದ ಕಾಲದವರು ಸೇರಿಸಿದರು. ಕಾಲುಚೀಲದ ತುದಿಯಲ್ಲಿ ಕಿತ್ತಳೆ ಇಡುವುದು ಆ ಚಿನ್ನದ ಉಂಡೆಯ ನೆನಪಿಗೆ ಎನ್ನುತ್ತಾರೆ. ಮದುವೆಗೆ ಬಂದ ಹೆಣ್ಣುಮಕ್ಕಳು ಆ ಹಿರಿಯರ ಮನೆಯಲ್ಲಿಯೂ ಇದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಟ್ಟವನು ಮುಖ ತೋರಿಸಲಿಲ್ಲ ಅಲ್ಲವೆ? ಅಷ್ಟು ಸಾಕು" ಎಂದು ಎದ್ದುಹೋದರು. ಮುಂದೆ ಅವರು ಎಂದೂ ಆಕ್ಷೇಪಿಸಲಿಲ್ಲ.

ತುಂಬುವುದಕ್ಕೆ ನಾವು ಒಂದು ಸೂತ್ರ ಮಾಡಿಕೊಂಡಿದ್ದೆವು: ತಿನ್ನುವುದೊಂದು, ಆಡುವುದೊಂದು, ಬರೆಯುವುದೊಂದು, ಓದುವುದೊಂದು, ನೆಡುವುದೊಂದು. ತಳದಲ್ಲಿ ಕಿತ್ತಳೆ. ಡಿಸೆಂಬರಿನಲ್ಲಿ ಕೊಡಗಿನ ಕಿತ್ತಳೆ ಹಣ್ಣಾಗಿರುತ್ತದೆ. ಕುಟ್ಟದ ಕಡೆಯಿಂದ ಬರುವವರು ಬುಟ್ಟಿಯಲ್ಲಿ ತಂದುಕೊಡುತ್ತಿದ್ದರು. ಭಾರವಾದ ಹಣ್ಣು ಕೆಳಗಿದ್ದರೆ ಚೀಲ ನೆಟ್ಟಗೆ ತೂಗುತ್ತದೆ. ಅದರ ಮೇಲೆ ಕಾಗದದಲ್ಲಿ ಸುತ್ತಿದ ಕಡಲೆ ಮಿಠಾಯಿ, ಬುಗುರಿ ಇಲ್ಲವೆ ಚನ್ನಪಟ್ಟಣದ ಅರಗಿನ ಬಣ್ಣದ ಚಿಕ್ಕ ಗೊಂಬೆ, ಪೆನ್ಸಿಲು, ಅವರೆಯ ಬೀಜದ ಪೊಟ್ಟಣ. ಪಕ್ಕದಲ್ಲಿ ಸುರುಳಿ ಸುತ್ತದೆ ನಿಲ್ಲುವ ಪುಟ್ಟ ಪುಸ್ತಕ. ರಾಷ್ಟ್ರೋತ್ಥಾನದವರ ಭಾರತ-ಭಾರತಿ ಮಾಲೆಯ ಪುಸ್ತಕಗಳು ಇದಕ್ಕೆಂದೇ ಅಳತೆ ಮಾಡಿದಂತಿದ್ದವು. ಹಿರಿಯ ತರಗತಿಯವರಿಗೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಎಲ್ಲಕ್ಕೂ ಮೇಲೆ ಒಂದು ಚೀಟಿ: ಆ ಮಗು ಆ ವರ್ಷ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಮೇಷ್ಟ್ರು ತಮ್ಮ ಕೈಯಿಂದ ಬರೆದದ್ದು. ಅದನ್ನು ಬರೆಯುವುದೇ ಕಷ್ಟ. ಮಗುವನ್ನು ವರ್ಷವಿಡೀ ಗಮನಿಸದ ಮೇಷ್ಟ್ರಿಗೆ ಡಿಸೆಂಬರಿನಲ್ಲಿ ಲೇಖನಿ ಓಡುವುದಿಲ್ಲ.

2000ರ ದಶಕದ ಆರಂಭದಲ್ಲಿ ನಮ್ಮ ಭಾಗದ ಕರಿಮೆಣಸಿನ ಬಳ್ಳಿಗಳಿಗೆ ಸೊರಗು ರೋಗ ಬಡಿಯಿತು, ಬೆಲೆಯೂ ಕುಸಿಯಿತು. ಚಂದಾ ಕೇಳಲು ಯಾರ ಮನೆಯ ಮೆಟ್ಟಿಲನ್ನೂ ಹತ್ತುವಂತಿರಲಿಲ್ಲ. ಅಂಥ ಒಂದು ವರ್ಷ ಚೀಲದಲ್ಲಿ ಕೊಂಡುತಂದ ವಸ್ತು ಒಂದೂ ಇರಲಿಲ್ಲ. ಪೇರಲೆಹಣ್ಣು, ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆಬೀಜ, ಬಟ್ಟೆಯ ಮೇಲೆ ಗೆರೆ ಎಳೆದ ಚೌಕಾಬಾರದ ಮನೆ, ಹಿರಿಯ ಮಕ್ಕಳು ಕಿರಿಯರಿಗಾಗಿ ಕೈಯಲ್ಲಿ ಬರೆದು ಹೊಲಿದ ಗಾದೆಗಳ ಪುಸ್ತಕ, ಎಂದಿನಂತೆ ಚೀಟಿ. ಹಳೆಯ ವಿದ್ಯಾರ್ಥಿಗಳು ನನ್ನನ್ನು ಕಂಡಾಗ ನೆನಪು ಮಾಡಿಕೊಳ್ಳುವುದು ಆ ವರ್ಷದ ಚೀಲವನ್ನೇ.

ಈಗ ಅಂಗಡಿಯಲ್ಲಿ ಮೊದಲೇ ತುಂಬಿಟ್ಟ ಕೆಂಪು ಕಾಲುಚೀಲಗಳು ಸಿಗುತ್ತವೆ. ಕೊಳ್ಳುವವರನ್ನು ನಾನು ದೂಷಿಸುವುದಿಲ್ಲ. ಮೊಮ್ಮಕ್ಕಳಿರುವ ಮನೆಯವರಿಗೆ ಮುದುಕನ ಎರಡು ಮಾತು: ತೀರ ಚಿಕ್ಕ ಮಕ್ಕಳ ಚೀಲದಲ್ಲಿ ಗೋಲಿ, ಇಡೀ ಕಡಲೆಬೀಜ, ಗುಂಡಿಯಂಥ ಬ್ಯಾಟರಿ ಇರುವ ಆಟಿಕೆ ಬೇಡ, ಅವು ಗಂಟಲಿಗೆ ಅಪಾಯ. ಎರಡನೆಯದು, ನಿಮ್ಮ ಮಗುವಿನ ಚೀಲ ತುಂಬುವಾಗ ಪಕ್ಕದ ಮನೆಯ ಮಗು ಅದನ್ನು ನೋಡುತ್ತದೆಂಬ ನೆನಪಿರಲಿ.

ಆ ಹುಡುಗಿ ಏಳನೆಯ ತರಗತಿ ಮುಗಿಸಿ ಹೋದಳು. ಎಲ್ಲಿದ್ದಾಳೋ ತಿಳಿಯದು. ಈ ಸಂಚಿಕೆ ಅವಳ ಕೈಗೆ ಸಿಕ್ಕಿದರೆ, ಅವಳ ಮೇಷ್ಟ್ರು ತಪ್ಪೊಪ್ಪಿಕೊಂಡಿದ್ದಾರೆಂದು ತಿಳಿಯಲಿ. ಉಳಿದ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಮಹೋತ್ಸವಕ್ಕೆ ಬರುವಾಗ ಹಾರ, ಶಾಲು ತರಬೇಡಿ. ತೋಳು ಹರಿಯದ ಒಂದು ಹಳೆಯ ಅಂಗಿಯನ್ನು ಒಗೆದು ತನ್ನಿ. ಕತ್ತರಿ, ಸೂಜಿ ನನ್ನ ಬಳಿ ಇವೆ.

ಶಾಲೆಗೆ ಶುಭವಾಗಲಿ.