ಶಾಂತಿಯ ಹೆಸರು ಹೊತ್ತ ಊರು

ಸೇಲಂ ಎಂದೊಡನೆ ನಮಗೆ ನೆನಪಾಗುವುದು ತಮಿಳುನಾಡಿನ ನಗರ. ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಕಡಲತಡಿಯಲ್ಲಿಯೂ ಒಂದು ಸೇಲಂ ಉಂಟು. 1626ರಲ್ಲಿ ಇಂಗ್ಲಿಷ್ ವಲಸೆಗಾರರು ಬಂದು ನೆಲಸಿದ ಆ ಊರಿಗೆ ಹೀಬ್ರೂ ಭಾಷೆಯಲ್ಲಿ ಶಾಂತಿಯೆಂಬ ಅರ್ಥವುಳ್ಳ ಹೆಸರನ್ನಿಟ್ಟರು.

ಆ ಶಾಂತಿ 1692ರಲ್ಲಿ ಕದಡಿತು. ನೆರೆಯ ಹಳ್ಳಿಯ ಕೆಲವು ಹುಡುಗಿಯರ ವಿಪರೀತ ವರ್ತನೆಗೆ ಮಾಟವೇ ಕಾರಣವೆಂಬ ಗುಲ್ಲೆದ್ದಿತು. ಹುಡುಗಿಯರು ಬೆರಳು ತೋರಿದ ಅನೇಕರು ಸೆರೆಮನೆ ಸೇರಿದರು. ಸುಳ್ಳೊಪ್ಪಿಗೆ ನೀಡಿ ಅದಕ್ಕೇ ಅಂಟಿಕೊಂಡವರು ನೇಣಿನಿಂದ ಪಾರಾದರು. ನಿರಪರಾಧಿಗಳೆಂದೇ ಹೇಳಿದ ಹತ್ತೊಂಬತ್ತು ಮಂದಿ ನೇಣುಗಂಬವನ್ನೇರಿದರು.

ಆಗಿನ ನ್ಯಾಯಾಧೀಶ ಜೊನಾಥನ್ ಕಾರ್ವಿನ್ನನ ಮರದ ಮನೆ ಇಂದಿಗೂ ನಿಂತಿದೆ. ಮತ್ತೊಬ್ಬ ನ್ಯಾಯಾಧೀಶ ಜಾನ್ ಹಾಥಾರ್ನನ ವಂಶದಲ್ಲಿ ಹುಟ್ಟಿದವನೇ ಪ್ರಸಿದ್ಧ ಕಾದಂಬರಿಕಾರ ನಥಾನಿಯಲ್ ಹಾಥಾರ್ನ್. ಸುಮಾತ್ರಾದಿಂದ ಮೆಣಸು ಹೊತ್ತು ತಂದ ಹಡಗುಗಳ ಡರ್ಬಿ ಧಕ್ಕೆಯೆದುರು, ಸುಂಕದ ಕಟ್ಟೆಯಲ್ಲಿ ಅವನು ಅಧಿಕಾರಿಯಾಗಿದ್ದ. ಪೂರ್ವಜನ ಪಾಪದ ಭಾರವನ್ನು ಅವನ ಲೇಖನಿ ಎಂದೂ ಮರೆಯಲಿಲ್ಲ.

ಮುನ್ನೂರು ವರ್ಷಗಳ ಬಳಿಕ, 1992ರಲ್ಲಿ, ಹಳೆಯ ಸ್ಮಶಾನದ ಪಕ್ಕದಲ್ಲಿ ಸ್ಮಾರಕವೊಂದು ಎದ್ದಿತು. ಪ್ರವೇಶದ ಹಾಸುಗಲ್ಲುಗಳ ಮೇಲೆ ಸತ್ತವರ ಮೊರೆಗಳನ್ನು ಕೆತ್ತಿದ್ದಾರೆ. ಆ ವಾಕ್ಯಗಳು ಗೋಡೆಯಡಿಯಲ್ಲಿ ಅರ್ಧಕ್ಕೇ ನಿಂತುಹೋಗುತ್ತವೆ, ಅಂದು ಕೇಳುವವರಿರಲಿಲ್ಲ.

ಮರಣದಂಡನೆಗೆ ಗುರಿಯಾಗಿಯೂ ಜೀವವುಳಿಸಿಕೊಂಡ ಎಲಿಜಬೆತ್ ಜಾನ್ಸನ್ನಳ ಹೆಸರಿನ ಕಳಂಕ ಮಾತ್ರ 2022ರವರೆಗೂ ಅಳಿಯಲಿಲ್ಲ. ಅದನ್ನು ಶಾಸನದ ಮೂಲಕ ತೊಡೆಯಿಸಲು ಹೋರಾಡಿದವರು ಎಂಟನೆಯ ತರಗತಿಯ ವಿದ್ಯಾರ್ಥಿಗಳು ಮತ್ತು ಅವರ ಉಪಾಧ್ಯಾಯಿನಿ. ಮಕ್ಕಳ ಮಾತಿನಿಂದ ಹೊತ್ತಿದ ಕಿಚ್ಚಿನ ಕೊನೆಯ ಕಿಡಿಯನ್ನು ಮಕ್ಕಳೇ ಆರಿಸಿದರು.